ಗಂಟಲು ನೋಯದ ಕೆಲಸ ಬೇಕಾಗಿದೆ

ಸೇಲ್ಸ್ ಬಿಡಬೇಕು ಅಂತ ಹೊರಟವರಿಗೆಲ್ಲ ಹೀಗೇ ಆಗುತ್ತೋ, ಅಥವಾ ನನ್ನ ಹಣೇಬರಹಾನೇ ಹೀಗೋ ಗೊತ್ತಿಲ್ಲ. ನಾನಂತೂ ಯಾವ ಕೆಲಸಕ್ಕೆ ಹೋದರೂ ಹಳೇ ಚಾಳಿ ನನಗಿಂತ ಮುಂಚೆ ಹೋಗಿ ಅಲ್ಲಿ ಕೂತಿರುತ್ತೆ.

ಬಸವನಗುಡಿ, ಚಾಮರಾಜಪೇಟೆಯಲ್ಲಿ ಮನೆಮನೆಗೆ ಹೋಗಿ ನೀರಿನ ಫಿಲ್ಟರ್ ಮಾರೋದು ನನ್ನ ಕೆಲಸ. ವರ್ಷಗಟ್ಟಲೆ ಬಾಯಿ ಬಡ್ಕೊಂಡು ಕೊನೆಗೆ ಗಂಟಲಲ್ಲಿ ಸಣ್ಣ ಗಂಟಾಯ್ತು. ಡಾಕ್ಟರು ಟಾರ್ಚ್ ಬಿಟ್ಟು ನೋಡಿ, "ಮಾತು ಕಮ್ಮಿ ಇರೋ ಕೆಲಸ ನೋಡ್ಕೊಳ್ರೀ. ಇಲ್ಲಾಂದ್ರೆ ದನಿ ಹೋಗಿಬಿಡುತ್ತೆ, ಆಮೇಲೆ ನನ್ನ ಹತ್ರ ಬಂದು ಅಳಬೇಡಿ" ಅಂದರು. ನನಗೆ ನಿಜವಾಗಲೂ ಹೆದರಿಕೆ ಆಯಿತು. ದನಿ ಹೋದರೆ ಮಗಳನ್ನ ಹೆಸರು ಹಿಡಿದು ಕೂಗೋದು ಹೇಗೆ? ಕಂಪನಿಗೆ ರಜೆ ಹಾಕಿ ಬೇರೆ ಕೆಲಸ ಹುಡುಕೋಕೆ ಹೊರಟೆ.

ಗೇಟು

ಮೊದಲು ಭಾವಮೈದ ಚಾಮರಾಜಪೇಟೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ ಕೆಲಸ ಕೊಡಿಸಿದ. "ಮಾತೇ ಇಲ್ಲ ಭಾವ. ಗೇಟಲ್ಲಿ ಕೂತ್ಕೊಳ್ಳೋದು, ಕಂಡಕಂಡೋರನ್ನ ಒಳಗೆ ಬಿಡದೇ ಇರೋದು, ಅಷ್ಟೇ" ಅಂದ. ಗೇಟಿನ ಮೇಲೆ 'ಮಾರಾಟಗಾರರಿಗೆ ಪ್ರವೇಶವಿಲ್ಲ' ಅಂತ ದಪ್ಪ ಅಕ್ಷರದ ಬೋರ್ಡೂ ಇತ್ತು.

ಮಟಮಟ ಮಧ್ಯಾಹ್ನ ಒಬ್ಬ ಬಂದ. ಕೈಯಲ್ಲಿ ವ್ಯಾಕ್ಯೂಮ್ ಕ್ಲೀನರ್, ಕೊರಳಲ್ಲಿ ಸಡಿಲವಾದ ಟೈ, ಮೈಯೆಲ್ಲ ಬೆವರು. ಬೋರ್ಡು ನೋಡಿ ಸುಮ್ಮನೆ ವಾಪಸ್ ತಿರುಗಿದ. ಅಯ್ಯೋ! ಆ ಬಿಸಿಲಲ್ಲಿ ನಾನೂ ಎಷ್ಟು ಗೇಟುಗಳಿಂದ ಹಾಗೇ ತಿರುಗಿಲ್ಲ! ಕರೆದು ಕೂರಿಸಿ ನೀರು ಕೊಟ್ಟು, "ನೋಡಪ್ಪಾ, ಕೆಳಗಿನ ಮನೆ ಅಜ್ಜಿ ಬೇಡ, ಬರೀ ಕತೆ ಹೇಳ್ತಾರೆ. ಮೇಲೆ ಹೊಸದಾಗಿ ಮದುವೆ ಆದೋರಿದಾರೆ, ಅಲ್ಲಿಗೆ ಹೋಗು" ಅಂತ ದಾರಿ ತೋರಿಸಿದೆ.

ಸುದ್ದಿ ಹರಡೋಕೆ ಎಷ್ಟು ಹೊತ್ತು! ಮಾರನೇ ದಿನ ಸೊಳ್ಳೆ ಪರದೆಯವರು, ಇನ್ಶೂರೆನ್ಸ್‌ನವರು, ಹಾಸಿಗೆಯವರು ಎಲ್ಲ ಗೇಟಿನ ಮುಂದೆ ಸಾಲಾಗಿ ನಿಂತಿದ್ದರು. ಅಪಾರ್ಟ್‌ಮೆಂಟಿನ ಸೆಕ್ರೆಟರಿ ಬನಿಯನ್ನಿನಲ್ಲೇ ಕೆಳಗೆ ಓಡಿಬಂದರು.

"ಏನ್ರೀ ಇದು, ಗೇಟು ಕಾಯ್ರಿ ಅಂದ್ರೆ ಸಂತೆ ಸೇರಿಸಿದೀರಾ?"

"ಗಾಬರಿ ಆಗ್ಬೇಡಿ ಸಾರ್, ಯಾರಿಗೂ ತೊಂದ್ರೆ ಆಗದ ಹಾಗೆ ಎಲ್ಲರಿಗೂ ಟೈಮ್ ಕೊಟ್ಟಿದೀನಿ. ನಿಮ್ಮ ಮನೆಗೆ ಹಾಸಿಗೆಯವರು ಕಾಫಿ ಹೊತ್ತಿಗೆ ಬರ್ತಾರೆ."

ಹೋಳಿಗೆ

ಆಮೇಲೆ ಬಸವನಗುಡಿಯ ಒಬ್ಬ ಅಡುಗೆ ಕಂಟ್ರಾಕ್ಟರು ಬಡಿಸೋ ಕೆಲಸಕ್ಕೆ ಕರೆದರು. "ಬಗ್ಗೋದು, ಬಡಿಸೋದು, ಮುಂದಕ್ಕೆ ಹೋಗೋದು. ಬಾಯಿಗೆ ಕೆಲಸಾನೇ ಇಲ್ಲ" ಅಂದರು. ನನಗೂ ಅದೇ ಬೇಕಿತ್ತು. ಒಂದು ಮದುವೆಯಲ್ಲಿ ಹೋಳಿಗೆ ಬುಟ್ಟಿ ನನ್ನ ಕೈಗೆ ಬಂತು.

ಆದರೆ ನಮ್ಮ ಮದುವೆ ಊಟ ನಿಮಗೆ ಗೊತ್ತಲ್ಲ. ಎಲೆ ಮುಂದೆ ಕೂತವರು 'ಬೇಡ' ಅಂದರೆ ಅದು ಬರೀ ಮರ್ಯಾದೆಗೆ, ಇನ್ನೊಂದು ಹಾಕಲೇಬೇಕು. ಎರಡನೇ ಸಲ 'ಬೇಡ' ಅಂದರೆ ಮಾತ್ರ ನಿಜವಾಗಲೂ ಬೇಡ. ನಮ್ಮ ಕಂಪನಿಯ ಟ್ರೈನಿಂಗಿನಲ್ಲಿ ಆ ಎರಡನೇ 'ಬೇಡ' ಇದೆಯಲ್ಲ, ಅಲ್ಲಿಂದಲೇ ನಮ್ಮ ಕೆಲಸ ಶುರು.

ಒಬ್ಬ ಹಿರಿಯರು ಎರಡೂ ಕೈ ಎಲೆಗೆ ಅಡ್ಡ ಇಟ್ಟು, "ದಮ್ಮಯ್ಯ, ಸಾಕಪ್ಪಾ" ಅಂದರು.

"ಪೂರ್ತಿ ಬೇಡ ಸಾರ್. ಕಾಲು ಭಾಗ ಟ್ರಯಲ್‌ಗೆ ಹಾಕಿಸ್ಕೊಳ್ಳಿ. ಪಕ್ಕದ ಎಲೆಯವರು ಆಗಲೇ ನಾಲ್ಕನೇದ್ರಲ್ಲಿದಾರೆ."

ಪಕ್ಕದ ಎಲೆಯವರು ಅವರ ಬೀಗರು. ಹಿರಿಯರು ಛಲಕ್ಕೆ ಬಿದ್ದು ಕೈ ತೆಗೆದರು. ಆಮೇಲೆ ನಾನು ಹಿಂದೆ ತಿರುಗಿ ನೋಡಲಿಲ್ಲ. ಆ ಪಂಕ್ತಿಯಲ್ಲಿ ಒಬ್ಬರಿಗೂ ಏಳೋಕಾಗಲಿಲ್ಲ. ಎರಡನೇ ಪಂಕ್ತಿಯವರು ಕುರ್ಚಿ ಹಿಡ್ಕೊಂಡು ಬೆನ್ನ ಹಿಂದೆಯೇ ನಿಂತು ಕಾದು ಕಾದು ಸುಸ್ತಾದರು. ಕಂಟ್ರಾಕ್ಟರು ಖಾಲಿ ಬುಟ್ಟಿ ನೋಡಿ ತಲೆ ಮೇಲೆ ಕೈ ಹೊತ್ತರು. "ಲೋ ಮಹಾರಾಯ, ಇನ್ನೂ ಮದುಮಕ್ಕಳೇ ಊಟಕ್ಕೆ ಕೂತಿಲ್ಲ! ಅವರಿಗೆ ಹೋಳಿಗೆ ಬದಲು ಏನು ಹಾಕ್ಲಿ?"

ನಾನು ಸಮಾಧಾನ ಹೇಳಿದೆ: "ಮೊದಲನೇ ಪಂಕ್ತಿಯವರ ಅಭಿಪ್ರಾಯ ತಿಳಿಸೋಣ ಸಾರ್. ತುಂಬಾ ಚೆನ್ನಾಗಿತ್ತಂತೆ."

ಮೌನ

ಆ ಹೋಳಿಗೆ ಉಪಚಾರದಲ್ಲಿ ಇದ್ದಬದ್ದ ದನಿಯೂ ಹೋಯಿತು. ಡಾಕ್ಟರು ಕೈ ಮುಗಿದು, "ಸ್ವಲ್ಪ ದಿನ ಪೂರ್ತಿ ಮೌನ. ಉಸಿರು ಬಿಡಿ, ಮಾತು ಬೇಡ" ಅಂದರು. ಸರಿ, ಇನ್ನು ಸೇಲ್ಸ್ ಸಹವಾಸವೇ ಬೇಡ ಅಂತ ಆಫೀಸಿಗೆ ಹೋಗಿ, 'ದನಿ ಇಲ್ಲ, ಕೆಲಸ ಬಿಡ್ತೀನಿ' ಅಂತ ಮೊಬೈಲಿನಲ್ಲಿ ಟೈಪ್ ಮಾಡಿ ಮ್ಯಾನೇಜರಿಗೆ ತೋರಿಸಿದೆ. ಆತ, "ಬಿಡಿ, ಬೇಡ ಅನ್ನಲ್ಲ. ಆದರೆ ನೀವು ಡೆಮೋಗೆ ಅಂತ ಮನೆಮನೆಯಲ್ಲಿ ಇಟ್ಟು ಬಂದಿರೋ ಫಿಲ್ಟರ್‌ಗಳನ್ನ ವಾಪಸ್ ತಂದುಕೊಟ್ಟು ಹೋಗಿ" ಅಂದ.

ಗಾಂಧಿ ಬಜಾರ್ ಹಿಂದೆ ಒಬ್ಬ ರಿಟೈರ್ಡ್ ಟೀಚರಮ್ಮನ ಮನೆ. ವರ್ಷದಿಂದ 'ಮುಂದಿನ ತಿಂಗಳು ನೋಡೋಣ' ಅಂತ ಸತಾಯಿಸಿದ್ದರು. ನಾನು ಗಂಟಲು ತೋರಿಸಿ ಕೈಯಾಡಿಸಿದೆ.

"ಅಯ್ಯೋ ಪಾಪ, ಮಾತಾಡೋ ಹಾಗಿಲ್ವಾ? ಕೂತ್ಕೊಳ್ಳಿ" ಅಂತ ಕಾಫಿ ತಂದಿಟ್ಟರು. ಅಷ್ಟೇ, ಶುರುವಾಯಿತು. ಮಂಡಿನೋವು, ನಾದಿನಿಯ ಬಿಂಕ, ಮಹಡಿ ಮೇಲಿನ ಬಾಡಿಗೆಯವರು, ಕೊನೆಗೆ ನಲ್ಲಿಯಲ್ಲಿ ಬರೋ ಗಲೀಜು ನೀರು. ನಾನು ತಲೆಯಾಡಿಸುತ್ತಾ ಕೂತಿದ್ದೆ. ಕಾಫಿ ಆರಿತು, ಇನ್ನೊಂದು ಬಂತು. ಕೊನೆಗೆ ಎದ್ದು ಫಿಲ್ಟರಿಗೆ ಕೈ ಹಾಕಿದೆ.

"ಮುಟ್ಟಬೇಡಿ ಅದನ್ನ! ಬೆಲೆ ಜಾಸ್ತಿ, ನಿಜ. ಆದರೆ ಆಸ್ಪತ್ರೆ ಖರ್ಚು ಅದಕ್ಕಿಂತ ಜಾಸ್ತಿ ಅಲ್ವೇ?"

ಬೇಡ, ತಗೊಂಡು ಹೋಗ್ತೀನಿ ಅಂತ ಜೋರಾಗಿ ತಲೆ ಅಲ್ಲಾಡಿಸಿದೆ.

"ಡಿಸ್ಕೌಂಟ್ ಇಲ್ವಾ? ಹೋಗ್ಲಿ ಬಿಡಿ, ನನಗೆ ಇದೇ ಬೇಕು. ಇಷ್ಟು ದಿನ ನೀವು ನನಗೆ ಬಾಯಿ ತೆಗೆಯೋಕೇ ಬಿಟ್ಟಿರಲಿಲ್ಲ."

ಮುಂದಿನ ಮನೆಯಲ್ಲೂ ಅದೇ ಕತೆ, ಅದರ ಮುಂದಿನ ಮನೆಯಲ್ಲೂ ಅದೇ. ವಾಪಸ್ ತರೋಕೆ ಹೋದವನು ಎಲ್ಲವನ್ನೂ ಮಾರಿಕೊಂಡು ಬರಿಗೈಯಲ್ಲಿ ಬಂದೆ. ಮ್ಯಾನೇಜರ್ ತಬ್ಬಿಕೊಂಡು, "ನೀವು ಇನ್ಮೇಲೆ ಬೀದಿ ಸುತ್ತೋದೇ ಬೇಡ. ಆಫೀಸಲ್ಲೇ ಇರಿ, ಪ್ರಮೋಷನ್!" ಅಂದ. ನನಗೂ ಖುಷಿಯೋ ಖುಷಿ. ಸೇಲ್ಸೂ ತಪ್ಪಿತು, ಗಂಟಲೂ ಉಳಿಯಿತು. ಮೌನ ಮುಗಿದ ದಿನ ಮಗಳನ್ನ ಬೀದಿಗೆಲ್ಲ ಕೇಳೋ ಹಾಗೆ ಕೂಗಿ ಕರೆದೆ.

ಒಂದು ತಿಂಗಳಿಗೆ ದನಿ ಮತ್ತೆ ಹೋಯಿತು. ಹೆಂಡತಿಯೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರು ಟಾರ್ಚ್ ಬಿಟ್ಟು ನೋಡಿ ರೇಗಿದರು. "ಮತ್ತೆ ಸೇಲ್ಸಿಗೆ ಹೋದ್ರೇನ್ರೀ?"

ನಾನು ಇಲ್ಲ ಅಂತ ತಲೆ ಅಲ್ಲಾಡಿಸಿದೆ. ಹೆಂಡತಿ ಹೇಳಿದಳು: "ಇಲ್ಲ ಡಾಕ್ಟ್ರೇ, ಈಗ ಇವರು ಟ್ರೈನರ್ರು. ಬೆಳಗ್ಗೆಯಿಂದ ಸಾಯಂಕಾಲದವರೆಗೂ ಹೊಸಬರಿಗೆಲ್ಲ ಪಾಠ ಮಾಡ್ತಾರೆ."

"ಏನು ಪಾಠ?"

"ಬಾಯಿ ಮುಚ್ಕೊಂಡು ಕೂರೋದು ಹೇಗೆ ಅಂತ."