ಹಗ್ಗ ಮುಟ್ಟಿದವರಿಗೆ ಪಾಲು

ಮಳೆಯೇ ಸರಿಯಾಗಿ ಬೀಳದ ಶಿರಾ, ಪಾವಗಡ ಸೀಮೆಯಲ್ಲಿ ಮೀನುಗಾರಿಕೆ ಇಲಾಖೆಯ ನೌಕರನಾಗಿದ್ದವನು ನಾನು. ಹಾಗಾಗಿ ನಗೆಪಾಟಲಾಗುವುದು ನನಗೆ ಸಂಬಳದ ಜೊತೆಗೇ ಬರುತ್ತಿತ್ತು. ಆದರೆ ಒಂದೇ ಪೆಟ್ಟಿಗೆಯಿಂದ, ಎರಡೇ ದಿನದಲ್ಲಿ ಇಷ್ಟೆಲ್ಲ ಆದದ್ದು ಒಂದು ಸಲ ಮಾತ್ರ.

ಎಂಬತ್ತರ ದಶಕದ ಮಾತು. ಮದಲೂರು ಕೆರೆ ಅಪರೂಪಕ್ಕೆ ತುಂಬಿತ್ತು. ನಾನು ಡಬ್ಬಗಳಲ್ಲಿ ಕಾಟ್ಲಾ ಮೀನಿನ ಮರಿ ತುಂಬಿಕೊಂಡು, ಸಾಯದಿರಲಿ ಅಂತ ಬಸ್ಸಿನಲ್ಲಿ ಉದ್ದಕ್ಕೂ ನೀರಿನೊಳಗೆ ಕೈಯಾಡಿಸುತ್ತಾ ತಂದು ಬಿಟ್ಟಿದ್ದೆ. ಬೇಸಿಗೆಯಲ್ಲಿ ನೀರಿಳಿದಾಗ ಊರವರು ಎಳೆಬಲೆ ಬಿಡುತ್ತಿದ್ದರು. ಅದು ಕೆರೆಯ ತಳವನ್ನೇ ಕೆರೆದುಕೊಂಡು ಬರುತ್ತದೆ. ದೊಡ್ಡ ಮೀನಿನ ಜೊತೆ ಗೇಣುದ್ದವೂ ಇಲ್ಲದ ಮರಿಗಳು ಕೆಸರಿನಲ್ಲಿ ಸಿಕ್ಕಿ ಸಾಯುತ್ತವೆ. ನೋಡಿ ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು.

ಆಗ ನಮ್ಮ ಸಾಹೇಬರು ಬೆಂಗಳೂರಿನಿಂದ ಒಂದು ಬ್ಯಾಟರಿ ಪೆಟ್ಟಿಗೆ ತಂದರು. ಅದರಿಂದ ನೀರಿಗೆ ಹದವಾಗಿ ಕರೆಂಟು ಬಿಟ್ಟರೆ ಹತ್ತಿರದ ಮೀನು ಗಳಿಗೆ ಹೊತ್ತು ಮಂಕಾಗಿ ಮೇಲೆ ಬರುತ್ತದಂತೆ. ದೊಡ್ಡದನ್ನು ಎತ್ತಿಕೊಂಡರೆ ಆಯಿತು, ಮರಿಗಳು ಚೇತರಿಸಿಕೊಂಡು ಹೋಗುತ್ತವೆ, ತಳ ಕದಡುವುದಿಲ್ಲ. ಮೀನು ಹಿಡಿಯುವವರ ಯಜಮಾನರು ಒಂದು ದಿನ ನೋಡುತ್ತೇನೆ ಅಂದರು. ಒಪ್ಪಿಗೆಯಾಗದಿದ್ದರೆ ಮಾರನೇ ಬೆಳಿಗ್ಗೆ ಬಲೆ ಇಳಿಯುತ್ತದೆ. ನನ್ನ ಮರಿಗಳ ಆಯಸ್ಸು ಆ ಒಂದು ದಿನದ ಮೇಲೆ ನಿಂತಿತ್ತು.

೧. ಅರ್ಜಿ

ಏರಿಯ ಮೇಲೆ ಪೆಟ್ಟಿಗೆ ಇಳಿಸಿದ್ದೇ ತಡ, ಪಕ್ಕದ ಹಟ್ಟಿಯ ಒಬ್ಬ ಅಜ್ಜಿ ಬಂದು ಇದೇನು ಅಂತ ವಿಚಾರಿಸಿತು. ಮೀನಿಗೆ ಕರೆಂಟು ಕೊಡುತ್ತೇವೆ ಅಂತ ಸಾಹೇಬರು ಉತ್ಸಾಹದಿಂದ ವಿವರಿಸಿದರು. ಅಜ್ಜಿ ಪೂರ್ತಿ ಕೇಳಿಸಿಕೊಂಡಿತು.

"ಹಟ್ಟಿಗೆ ಒಂದು ದೀಪ ಹಾಕ್ಸಿ ಅಂತ ನಾವು ಮೂರು ವರ್ಸದಿಂದ ಅರ್ಜಿ ಕೊಡ್ತಾನೆ ಇದೀವಿ. ಈ ಮೀನುಗ್ಳು ಯಾವಾಗ ಕೊಟ್ವು ಸ್ವಾಮಿ?"

ಅದು ನಮ್ಮ ಇಲಾಖೆಯಲ್ಲ ಕಣಮ್ಮ ಅಂತ ನಾನು ಹೇಳಿದೆ. ಹಾಗಾದರೆ ನಿಮ್ಮ ಇಲಾಖೆಗೇ ಅರ್ಜಿ ಕೊಡುತ್ತೇವೆ, ನೀವು ಬೇಗ ಕೊಡುತ್ತೀರಿ ಅಂದಿತು.

೨. ಕುರಿಯ ಸಾಕ್ಷಿ

ಮಧ್ಯಾಹ್ನ ಪೆಟ್ಟಿಗೆಯನ್ನು ಒಮ್ಮೆ ಚಾಲೂ ಮಾಡಿ ನೋಡಿ ನಿಲ್ಲಿಸಿದ್ದೆವು. ಅಷ್ಟರಲ್ಲಿ ಒಬ್ಬ ಕುರುಬಣ್ಣ ಮಂದೆ ಹೊಡೆದುಕೊಂಡು ನೀರಿಗೆ ಬಂದ. ಕರೆಂಟು ನೀರಲ್ಲೇ ಉಳಿದಿರುತ್ತೆ, ಕುರಿ ಬಿಡಲ್ಲ ಅಂತ ಹಟ ಹಿಡಿದ. ಬಿಸಿಲಲ್ಲಿ ಕುರಿಗಳು ಬಾಯಿ ಬಿಡುತ್ತಿದ್ದವು. ನಾನೇ ಬೊಗಸೆಯಲ್ಲಿ ನೀರು ಕುಡಿದು ತೋರಿಸಿದೆ.

ಅವನಿಗೆ ಸಮಾಧಾನವಾಗಲಿಲ್ಲ. ಈಗ ಕರೆಂಟು ನನ್ನ ಮೈಗೆ ಬಂದಿರಬಹುದು ಅಂತ ನಾಲ್ಕು ಮಾರು ದೂರ ನಿಂತ. ಆಮೇಲೆ ಒಂದು ಮುದಿ ಕುರಿಯನ್ನು ನನ್ನ ಕಡೆ ತಳ್ಳಿದ. ಅದು ನನ್ನ ಒದ್ದೆ ಕೈಯನ್ನು ನೆಕ್ಕಿತು. ಏನೂ ಆಗಲಿಲ್ಲ. ಕೂಡಲೇ ಮಂದೆಯನ್ನು ನೀರಿಗೆ ಬಿಟ್ಟ. ಹತ್ತು ವರ್ಷ ಸರ್ಕಾರಿ ಸೇವೆ ಮಾಡಿದ ನನ್ನ ಮಾತು ನಡೆಯಲಿಲ್ಲ, ಹಲ್ಲುದುರಿದ ಕುರಿಯದು ನಡೆಯಿತು.

೩. ಹಗ್ಗ

ನಿಜವಾದ ತೊಡಕು ಸಂಜೆ ಗೊತ್ತಾಯಿತು. ಎಳೆಬಲೆಗೆ ಇಪ್ಪತ್ತು ಜನ ಬೇಕು. ಹಗ್ಗಕ್ಕೆ ಯಾರ ಕೈ ಸೋಕಿತೋ ಅವರಿಗೆಲ್ಲ ಸಮಪಾಲು, ಎಳೆಯಲು ತ್ರಾಣವಿಲ್ಲದ ಮುದುಕನಿಗೂ ಸಹ. ಪೆಟ್ಟಿಗೆಗಾದರೋ ಇಬ್ಬರು ಸಾಕು.

"ನಿನ್ನ ಮರಿ ಉಳಿತವೆ, ಸರಿ ಕಣಪ್ಪ. ನನ್ನ ಇಪ್ಪತ್ತು ಜನ ಏನ್ ತಿಂತಾರೆ?" ಅಂದರು ಯಜಮಾನರು. ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು.

ಬೆಳಿಗ್ಗೆ ನೋಡಿದರೆ ಇಪ್ಪತ್ತೂ ಜನ ಹಾಜರ್. ಬಲೆ ತಂದಿರಲಿಲ್ಲ, ಬಲೆಯ ಹಗ್ಗ ಮಾತ್ರ ತಂದಿದ್ದರು. ಅದನ್ನು ಪೆಟ್ಟಿಗೆಯಿದ್ದ ಹರಿಗೋಲಿಗೆ ಕಟ್ಟಿ, ದಡದ ಮೇಲೆ ಸಾಲಾಗಿ ಹಿಡಿದು ನಿಂತರು. ಸಾಹೇಬರು ಇದು ತಮ್ಮ ಪ್ರಾಣದ ಸಲುವಾಗಿ ಮಾಡಿದ ಏರ್ಪಾಡು ಅಂತ ತಿಳಿದು, ಹಳ್ಳಿ ಜನರ ಮುಂಜಾಗ್ರತೆಯನ್ನು ಹೊಗಳಿದರು.

ಕೈಗೆ ರಬ್ಬರ್ ಗವಸು ತೊಟ್ಟು ಅವರು ಹರಿಗೋಲು ಹತ್ತಿ, ಪೆಟ್ಟಿಗೆಯ ತಂತಿಯ ತುದಿಗಿದ್ದ ಕಡ್ಡಿಯನ್ನು ನೀರಿಗಿಟ್ಟರು. ದೊಡ್ಡ ಕಾಟ್ಲಾಗಳು ಹೊಟ್ಟೆ ಮೇಲಾಗಿ ಬಂದವು, ಅವನ್ನು ಎತ್ತಿ ಹರಿಗೋಲಿಗೆ ಹಾಕಿಕೊಂಡರು. ನನ್ನ ಮರಿಗಳೂ ಬಂದವು, ಒಂದಷ್ಟು ಹೊತ್ತು ಅಲ್ಲಾಡಲಿಲ್ಲ. ಆಮೇಲೆ ಒಂದೊಂದಾಗಿ ಬಾಲ ಬಡಿದು ಒಳಗೆ ಹೋದವು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಅತ್ತುಬಿಟ್ಟೆ.

ಯಜಮಾನರು ದಡದ ಮೇಲೆ ಇಪ್ಪತ್ತೊಂದು ಗುಡ್ಡೆ ಹಾಕಿದರು. ಹರಿಗೋಲು ಎಳೆಯುವಾಗ ಹಗ್ಗಕ್ಕೆ ಕೈ ಹಾಕಿದ್ದರಿಂದ ಒಂದು ನನಗೆ. ಒಂದು ಭಾರಿ ಕಾಟ್ಲಾ ಮೇಲೆ ಆಗಿನಿಂದ ಕಣ್ಣಿಟ್ಟಿದ್ದ ಸಾಹೇಬರು, ಮೀನು ಹಿಡಿದವನು ನಾನು, ನನ್ನ ಪಾಲೆಲ್ಲಿ ಅಂತ ಕೇಳಿದರು.

"ನೀವು ಹಗ್ಗ ಮುಟ್ಲಿಲ್ವಲ್ಲ ಸ್ವಾಮಿ" ಅಂದರು ಯಜಮಾನರು.

ಹರಿಗೋಲು ಹತ್ತುವಾಗ ಮುಟ್ಟಿದ್ದೆ ಅಂತ ಸಾಹೇಬರು ವಾದಿಸಿದರು. ಯಜಮಾನರು ಅವರ ಕೈ ನೋಡಿದರು.

"ಗವಸು ಮುಟ್ತು. ಬೇಕಾದ್ರೆ ಅದಕ್ಕೊಂದು ಪಾಲು ಕೊಡಾನ, ತಿಂತದಾ ಕೇಳಿ."

ಸಾಹೇಬರು ಗವಸು ಬಿಚ್ಚಿ ಬಿಸಾಡಿ, ಬಂದು ಎರಡೂ ಕೈಯಲ್ಲಿ ಹಗ್ಗ ಹಿಡಿದು ನಿಂತರು. ಅಷ್ಟರಲ್ಲಿ ಗುಡ್ಡೆಗಳೆಲ್ಲ ಅವರವರ ಬುಟ್ಟಿ ಸೇರಿದ್ದವು. ನಾನು ಯಜಮಾನರ ಬಾಯನ್ನೇ ನೋಡುತ್ತಿದ್ದೆ, ನಾಳೆ ಬಲೆಯೋ ಅಲ್ಲವೋ ಅಂತ ಅವರಿನ್ನೂ ಹೇಳಿರಲಿಲ್ಲ.

"ಈಗ ಮುಟ್ಟಿದ್ರಲ್ಲ, ಆಯ್ತು" ಅಂದರು ಅವರು. "ಮುಂದಿನ್ ವರ್ಸ ಪೆಟ್ಟಿಗೆ ತಕ್ಕೊಂಡು ಬನ್ನಿ, ಪಾಲು ಕೊಡಾನ. ಅಲ್ಲೀಗಂಟ ಹಗ್ಗ ಬುಡ್ಬೇಡಿ."