ಮೊದಲ ಹೆಜ್ಜೆಯ ಹಕ್ಕುದಾರರು

ಪುಟ್ಟಿಯ ಮೊದಲ ಹೆಜ್ಜೆ ಬೀಳುವುದಾದರೆ ತನ್ನ ಕಣ್ಣೆದುರೇ ಬೀಳಬೇಕು, ಇನ್ಯಾರ ಕಣ್ಣೆದುರೂ ಅಲ್ಲ! ಹೀಗೆಂದು ಅಜ್ಜಿ ಆ ಮಧ್ಯಾಹ್ನ ಟೊಂಕ ಕಟ್ಟಿ ನಿಂತಳು.

ಇನ್ಯಾರೋ ಎಂದರೆ ಎದುರು ರಸ್ತೆಯ ಡೇ ಕೇರಿನ ಆಯಾ. ಇಡೀ ದಿನ ಮಗುವಿನ ಹಿಂದೆ ಓಡಲು ಅಜ್ಜಿಯ ಮಂಡಿ ಒಪ್ಪದು. ಹಾಗಾಗಿ ಮಗಳು ಕೆಲಸಕ್ಕೆ ಹೋಗುವಾಗ ಹನ್ನೊಂದು ತಿಂಗಳ ಪುಟ್ಟಿಯನ್ನು ಅಲ್ಲಿ ಬಿಟ್ಟು ಹೋಗುತ್ತಾಳೆ. ಒಂದು ಗಂಟೆಗೆ ಅಜ್ಜಿ ಕರೆತರಬೇಕು. ಎರಡೇ ಬೆರಳಲ್ಲಿ ಬಿಸ್ಕತ್ತಿನ ಚೂರು ಹೆಕ್ಕುವುದನ್ನು ಪುಟ್ಟಿ ಕಲಿತದ್ದು ಆಯಾಳ ಹತ್ತಿರ. ಟಾಟಾ ಮಾಡಲು ಕಲಿತದ್ದೂ ಅವಳ ಹತ್ತಿರವೇ. ಆ ಮೊದಲ ಟಾಟಾ ಮಾಡಿದ್ದು ಯಾರಿಗೆ? ಆಯಾಳ ಕಂಕುಳಲ್ಲಿ ಕೂತು, ಕರೆಯಲು ಹೋಗಿದ್ದ ಅಜ್ಜಿಗೆ, ನೀನು ಹೋಗು ಎಂಬಂತೆ! ಹೊಟ್ಟೆ ಉರಿಯದೆ ಇರುತ್ತದೆಯೇ?

"ಇವತ್ತು ನಡೆದಳೇನಮ್ಮ?" ಎಂದು ಅಜ್ಜಿ ದಿನವೂ ಕೇಳುವಳು.

"ಎಲ್ಲಿ ಅಜ್ಜಿ, ಇನ್ನೂ ಗೋಡೆ ಹಿಡ್ಕೊಂಡೇ ಓಡಾಡ್ತಾಳೆ."

ಸದ್ಯ! ಅಜ್ಜಿಯ ಹೊಟ್ಟೆ ಒಂದು ದಿನದ ಮಟ್ಟಿಗೆ ತಣ್ಣಗಾಗುವುದು.

ಆ ಮಧ್ಯಾಹ್ನ ಪುಟ್ಟಿಯನ್ನು ಊಟದ ಮೇಜು ಹಿಡಿಸಿ ನಿಲ್ಲಿಸಿ, ಅಲ್ಲಿಂದ ಸರಿಯಾಗಿ ಆರು ಗೇಣು ಅಳೆದು, ಅಜ್ಜಿ ಸೌಟು ಹಿಡಿದು ಕೂತಳು.

"ಬಾ ನನ್ನ ಬಂಗಾರ! ಸೌಟು ಬೇಕಾ? ಬಾ!"

ಪುಟ್ಟಿ ದೊಪ್ಪನೆ ಕೂತು, ಅಂಬೆಗಾಲಿಟ್ಟು ಬಂದು ಸೌಟು ಕಿತ್ತುಕೊಂಡಳು.

"ನಾಲ್ಕು ಕಾಲಲ್ಲಿ ಅಲ್ವೇ, ಎರಡು ಕಾಲಲ್ಲಿ!"

ಮೂರು ಸಲ ಇದೇ ಆಯಿತು. ನಾಲ್ಕನೆಯ ಸಲ, ಮಗು ಕೂರದೆ ನಿಂತೇ ಇರಲಿ ಎಂದು ಅಜ್ಜಿ ಸೌಟನ್ನು ಮೇಜಿನ ಬಟ್ಟೆಯಡಿ ಬಚ್ಚಿಟ್ಟು ಮತ್ತೆ ತನ್ನ ಜಾಗಕ್ಕೆ ಬಂದಳು. ಮೊದಲಾಗಿದ್ದರೆ ಕಣ್ಣಿಗೆ ಮರೆಯಾದದ್ದನ್ನು ಪುಟ್ಟಿ ಮರೆತೇಬಿಡುತ್ತಿದ್ದಳು. ಈಗ ಬುದ್ಧಿ ಬಂದಿದೆ. ಬಟ್ಟೆ ಹಿಡಿದು ಎಳೆದಳು. ಬಟ್ಟೆಯ ಮೇಲೆ ಹಿಟ್ಟಿನ ಡಬ್ಬ! ಅಜ್ಜಿ ಮಂಡಿನೋವು ಮರೆತು ಹಾರಿದಳು. ಡಬ್ಬ ಮಗುವಿನ ಮೇಲೆ ಬೀಳಲಿಲ್ಲ, ಅಜ್ಜಿಯ ತಲೆಯ ಮೇಲೆ ಬೋರಲಾಯಿತು.

ಹಿಟ್ಟಿನ ಮೋಡ ಇಳಿದಾಗ ಎದುರಿಗೆ ಬಿಳಿ ಹುಬ್ಬು, ಬಿಳಿ ಮೂಗು, ಬಿಳಿ ತುಟಿ. ಈಚೆಗೆ ಪುಟ್ಟಿಗೆ ಗುರುತಿಲ್ಲದ ಮುಖ ಕಂಡರಾಗದು. ಕಿಟಾರನೆ ಕಿರುಚಿ, ಮೇಜು ಬಿಟ್ಟು, ಬೆನ್ನು ತಿರುಗಿಸಿ, ಬಾಗಿಲ ಕಡೆಗೆ ಒಂದು, ಎರಡು, ಮೂರು, ನಾಲ್ಕು, ಐದು ಹೆಜ್ಜೆ!

ನಡೆದಳು! ಯಾವ ದಿಕ್ಕಿಗೆ ಎಂಬುದು ಸಣ್ಣ ವಿಷಯ. ಅಜ್ಜಿ ಮುಖವೊಂದನ್ನು ಒರೆಸಿಕೊಂಡು, ಮಗುವನ್ನು ಎತ್ತಿಕೊಂಡು ಡೇ ಕೇರಿಗೆ ದೌಡಾಯಿಸಿದಳು.

"ಏನಜ್ಜಿ ಇದು, ಮನೆಗೆ ಸುಣ್ಣ ಹೊಡೀತಿದ್ರಾ?"

"ನಡೆದಳು ಕಣಮ್ಮ! ಐದು ಹೆಜ್ಜೆ! ಮೊದಲ್ನೇ ಸಲ ನೋಡಿದ್ದು ನಾನೇ!"

ಆಯಾ ಕೆನ್ನೆಗೆ ಎರಡೂ ಕೈ ಇಟ್ಟುಕೊಂಡಳು. "ಅಯ್ಯೋ, ಹೌದಾ ಅಜ್ಜಿ! ನಮ್ಮ ಪುಟ್ಟೀನಾ!"

ಅಜ್ಜಿ ಆ ಬೆರಗನ್ನು ಕಣ್ತುಂಬ ಸವಿಯುತ್ತಿರುವಾಗ, ಮೂಲೆಯಲ್ಲಿ ಶೂ ಹಾಕಿಕೊಳ್ಳುತ್ತಿದ್ದ ನಾಲ್ಕು ವರ್ಷದ ಹುಡುಗಿಯೊಬ್ಬಳು ತಲೆಯೆತ್ತಿದಳು.

"ಮೊನ್ನೇನೇ ನಡೆದ್ಲಲ್ಲ ಆಯಾ! ನೀನೇ ಚಪ್ಪಾಳೆ ಹೊಡೆದ್ಯಲ್ಲ!"

ಆಯಾ ನೆಲ ನೋಡಿದಳು. "ಬೇಜಾರಾಗ್ಬೇಡಿ ಅಜ್ಜಿ. ಮೊದಲ ಹೆಜ್ಜೆ, ಮೊದಲ ಮಾತು, ಇವೆರಡನ್ನ ನಾವು ನೋಡಿದ್ರೂ ಹೇಳಲ್ಲ. ಮನೆಯೋರು ನೋಡಿದ್ದೇ ಮೊದಲು. ಹನ್ನೆರಡು ವರ್ಷದಿಂದ ಎಷ್ಟು ಮಕ್ಕಳದ್ದು ನುಂಗ್ಕೊಂಡಿದ್ದೀನೋ!"

ಇಷ್ಟು ಕೇಳಿದ ಮೇಲೆ ಅಜ್ಜಿಯ ಹೊಟ್ಟೆಕಿಚ್ಚು ಆರಬೇಕಿತ್ತು. ಆರಲಿಲ್ಲ! ಇಷ್ಟು ದೊಡ್ಡ ಗುಟ್ಟನ್ನು ನುಂಗಿ ಕೂತ ಆ ದೊಡ್ಡತನದ ಮೇಲೂ ಕಿಚ್ಚು ಹೊತ್ತಿತು. ಇವಳು ನುಂಗುತ್ತಾಳಂತೆ! ತಾನೇನು ಕಡಿಮೆಯೇ?

ಸಂಜೆ ಮಗಳು ಬಂದಾಗ ಅಜ್ಜಿ ತುಟಿ ಬಿಚ್ಚದೆ ಅಡಿಗೆಮನೆ ಸೇರಿದಳು. ಹೊರಗಿನಿಂದ ಕೂಗು ಬಂತು.

"ಅಮ್ಮಾ, ಓಡಿ ಬಾ! ಪುಟ್ಟಿ ನಡೆದ್ಲು! ಮೊದಲ್ನೇ ಹೆಜ್ಜೆ, ನನ್ನ ಹತ್ರಾನೇ ಬಂದ್ಲು!"

ಅಜ್ಜಿ ಹೊರಗೆ ಬಂದು ಕೆನ್ನೆಗೆ ಎರಡೂ ಕೈ ಇಟ್ಟುಕೊಂಡಳು. "ಅಯ್ಯೋ, ಹೌದೇನೇ!"

ಮಗಳು ಕನಿಕರದಿಂದ ತಾಯಿಯ ಬೆನ್ನು ಸವರಿದಳು.

"ಪಾಪ, ಮನೇಲೇ ಇದ್ದೂ ನಿನಗೆ ತಪ್ಪಿಹೋಯ್ತಲ್ಲಮ್ಮ! ಹೋಗ್ಲಿ ಬಿಡು. ಇನ್ಮೇಲೆ ಅಲ್ಲಿ ಪುಟ್ಟಿ ಏನೇ ಹೊಸದು ಮಾಡಿದ್ರೂ ತಕ್ಷಣ ಬಂದು ನಿನ್ನನ್ನ ಕರೀಬೇಕು ಅಂತ ನಾಳೆ ಆಯಾಗೆ ಹೇಳಿರ್ತೀನಿ!"