ಸಿಂಕ್ ಕೆಳಗಿನ ಶಾಸಕರು

ನಾನು ಮೈಸೂರಿನಲ್ಲಿ ಲಂಗ ಹಾಕಿಕೊಂಡು ಕುಂಟೆಬಿಲ್ಲೆ ಆಡುವಾಗಲೇ ನಮ್ಮ ಅಮೆರಿಕನ್ ಸಾಹೇಬರು ಸಿಯಾಟಲ್ ಪಕ್ಕದ ಇಸ್ಸಾಕ್ವಾದಲ್ಲಿ ಶಾಸಕರು. ಈಗ ನಾನು ಅವರ ಸಹಾಯಕಿ. ಅಷ್ಟು ವರ್ಷ ಒಂದೇ ಕುರ್ಚಿಗೆ ಅಂಟಿಕೊಂಡವರ ಜತೆಗಿದ್ದರೆ ತಮಾಷೆಗೆ ಬರಗಾಲವೇ?

ಮನೆ ಮನೆಗೆ

ಒಂದು ಶನಿವಾರ ವೋಟು ಕೇಳಲು ಗುಡ್ಡದ ಮೇಲಿನ ಮನೆಗಳಿಗೆ ಹೊರಟೆವು. ನಾನು ಏದುಸಿರು ಬಿಡುತ್ತಾ ಹಿಂದೆ ಬಿದ್ದೆ. ಹತ್ತಿ ನೋಡಿದರೆ ಒಂದು ಮನೆಯ ಬಾಗಿಲು ತೆರೆದಿದೆ, ಅಡುಗೆಮನೆಯ ಸಿಂಕ್ ಕೆಳಗಿಂದ ಶಾಸಕರ ಕಾಲು ಮಾತ್ರ ಕಾಣುತ್ತಿದೆ! ಪಕ್ಕದಲ್ಲಿ ಟಾರ್ಚ್ ಹಿಡಿದ ಒಬ್ಬ ಕನ್ನಡದ ಅಜ್ಜಿ.

"ಪೈಪ್ ರಿಪೇರಿಗೆ ಬಿಳಿಯವನು ಬರ್ತಾನೆ ಅಂತ ಮಗಳು ಹೇಳಿದ್ಲಮ್ಮ. ಕರಕೊಂಡು ಬಂದು ತೋರಿಸ್ದೆ."

"ಅಯ್ಯೋ ಅಜ್ಜಿ, ಅವರು ಶಾಸಕರು!"

ಅಷ್ಟರಲ್ಲಿ ಕಟ್ಟಿಕೊಂಡಿದ್ದ ನೀರು ಗೊಳಕ್ಕನೆ ಇಳಿಯಿತು.

"ಆದ್ರೇನಂತೆ, ಕೆಲಸ ಚೆನ್ನಾಗೇ ಬರತ್ತೆ" ಅಂದರು ಅಜ್ಜಿ.

ಮತದಾರಳ ದೂರು

ಒಮ್ಮೆ ಆಫೀಸಿಗೆ ಫೋನ್. ಹೈವೇ ಇಳಿಯುವಲ್ಲಿ ದೊಡ್ಡ ಗುಂಡಿಯಂತೆ. ಧ್ವನಿ ಪರಿಚಿತ.

"ಮೇಡಂ, ನೀವು ಅವರ ಹೆಂಡತಿ ಅಲ್ವಾ?"

"ಹೆಂಡತಿಯಾಗಿ ಹೇಳಿ ಹೇಳಿ ಸಾಕಾಯ್ತು. ಇವತ್ತು ಮತದಾರಳಾಗಿ ಹೇಳ್ತಿದೀನಿ. ದಯವಿಟ್ಟು ಅವರಿಗೆ ಕೊಡ್ತೀರಾ?"

ಶಾಸಕರು ಎದ್ದು ನಿಂತು, "ಖಂಡಿತ ಮೇಡಂ, ಫೋನ್ ಮಾಡಿದ್ದಕ್ಕೆ ಧನ್ಯವಾದ ಮೇಡಂ" ಅಂದರು. ಇಟ್ಟ ಮೇಲೆ ನನ್ನ ಕಡೆ ತಿರುಗಿ, "ಎಷ್ಟು ಮರ್ಯಾದೆಯಾಗಿ ಮಾತಾಡಿದಳು! ಇನ್ನು ಮೇಲೆ ಏನಿದ್ದರೂ ಆಫೀಸಿಗೇ ಫೋನ್ ಮಾಡಕ್ಕೆ ಹೇಳು" ಅಂದರು.

ದಸರಾ ಭಾಷಣ

ಆ ವರ್ಷದ ಚುನಾವಣೆ ಕಷ್ಟವಿತ್ತು. ಎದುರಾಳಿ ಚುರುಕು ಹುಡುಗ, ಸಾಫ್ಟ್‌ವೇರಿನವನು. ನಮ್ಮವರು ಸೋತೇಬಿಡುತ್ತಾರೇನೋ ಅಂತ ನನಗೆ ಒಳಗೊಳಗೇ ಭಯ. ಕನ್ನಡ ಸಂಘದ ದಸರಾಕ್ಕೆ ಇಬ್ಬರನ್ನೂ ಕರೆದಿದ್ದರು. ಆ ಹುಡುಗ ಪರದೆಯ ಮೇಲೆ ಊರಿನ ಭವಿಷ್ಯದ ಸ್ಲೈಡ್ ಹಾಕಿ ಕೊರೆದ, ಕೊರೆದ, ಕೊರೆಯುತ್ತಲೇ ಇದ್ದ. ಹಿಂದಿನಿಂದ ಬಿಸಿಬೇಳೆಬಾತಿನ ಘಮ. ಮಕ್ಕಳು ಅಳುತ್ತಿದ್ದವು.

ಕೊನೆಗೆ ನಮ್ಮವರ ಸರದಿ. ಕನ್ನಡದಲ್ಲಿ ಒಂದು ಮಾತಾಡಬೇಕು ಅಂತ ಹಟ ಹಿಡಿದಿದ್ದರು. ನಾನು ಸುಲಭವಾದದ್ದನ್ನೇ ಕಲಿಸಿದ್ದೆ. ಮೈಕ್ ಹಿಡಿದು ಕೇಳಿದರು:

"ಊಟ ಆಯ್ತಾ?"

"ಇಲ್ಲಾ!" ಇಡೀ ಸಭೆ ಕೂಗಿತು.

ಜೈಕಾರ ಅಂದುಕೊಂಡು ಇನ್ನೂ ಜೋರಾಗಿ, "ಊಟ ಆಯ್ತಾ?"

ಅಷ್ಟೇ. ಕುರ್ಚಿಗಳು ಸರಿದವು. ಸಭೆಗೆ ಸಭೆಯೇ ಎದ್ದು ಊಟದ ಸಾಲಿಗೆ ನಡೆಯಿತು. ಖಾಲಿ ಹಾಲ್ ನೋಡಿ ಅವರ ಮುಖ ಬಾಡಿತು. "ನಾನೇನಾದರೂ ಕೆಟ್ಟ ಮಾತು ಆಡಿದೆನಾ?"

ನವೆಂಬರಿನಲ್ಲಿ ಕೂದಲೆಳೆಯ ಅಂತರದಲ್ಲಿ ಗೆದ್ದರು. ಮಾರನೇ ದಿನ ಸಂಘದ ಹಿರಿಯರೊಬ್ಬರು ಫೋನ್ ಮಾಡಿದರು:

"ನಮ್ಮ ಮನೆ ವೋಟೆಲ್ಲ ನಿಮ್ಮವರಿಗೇ ಕಣಮ್ಮ. ಆ ಹುಡುಗ ಭವಿಷ್ಯ ತೋರಿಸ್ದ, ಸರಿ. ಇವರು ಊಟ ಹಾಕಿಸಿದ್ರು!"

ಊಟ ಸಂಘದ್ದು. ನಾನು ಧನ್ಯವಾದ ಹೇಳಿ ಫೋನ್ ಇಟ್ಟೆ.